ಅರ್ಧ ಇಂಚು ಕಡಿಮೆ ಬಿದ್ದ ಡ್ರೈವರ್

ಬಹ್ರೈನಿನಲ್ಲಿ ರೈಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಅರ್ಧ ದಾರಿಯಲ್ಲಿ ಯಾರಾದರೂ ಎದ್ದು ನಿಂತು "ಎಂತ ಬುರುಡೆ ಮಾರಾಯ್ರೆ ಇದು" ಎಂದು ಜಗಳಕ್ಕೆ ಬಂದಾರು. ಕಾರುಂಟು, ಬಸ್ಸುಂಟು, ಸಮುದ್ರದ ಮೇಲೆ ಸೌದಿಗೆ ಹೋಗುವ ಸೇತುವೆಯುಂಟು, ರೈಲು ಮಾತ್ರ ಇಲ್ಲ. ಹಾಗಿದ್ದೂ ಕೊಸ್ಮಸ್ ಡಿಸಿಲ್ವರು ಚಳಿಗಾಲದ ಪ್ರತಿ ಶುಕ್ರವಾರ ಮನಾಮಾದ ಇಗರ್ಜಿಯಲ್ಲಿ ಬೆಳಗಿನ ಪೂಜೆ ಮುಗಿಸಿ, ಅಂಗಿಯ ಮೇಲೆಯೇ ನೀಲಿ ಬಾಯ್ಲರ್ ಸೂಟು ಏರಿಸಿ, "ಲೇಟಾಯ್ತು, ರೈಲು ಬಿಡ್ಲಿಕ್ಕುಂಟು" ಎಂದು ಓಡುತ್ತಿದ್ದರು. ಇಗರ್ಜಿಯ ಮೆಟ್ಟಿಲಲ್ಲಿ ಹರಟುತ್ತ ನಿಂತ ಹೊಸಬರು ಮುಖ ಮುಖ ನೋಡಿಕೊಂಡು, ಪಾಪ, ಅರುವತ್ತೊಂದು ದಾಟಿತಲ್ಲ, ಹೀಗೆಲ್ಲ ಆಗುತ್ತದೆ ಎಂದುಕೊಳ್ಳುತ್ತಿದ್ದರು.

ಬುರುಡೆಯಲ್ಲ. ಬುದಯ್ಯ ಕಡೆಯ ಒಂದು ಖರ್ಜೂರದ ತೋಟದಲ್ಲಿ ಏಳುನೂರು ಮೀಟರು ಹಳಿ ನಿಜಕ್ಕೂ ಇತ್ತು. ತೋಟದ ಯಜಮಾನ ಬೂ ರಾಶಿದ್ ಹುಡುಗನಾಗಿದ್ದಾಗ ಮುತ್ತಿನ ವ್ಯಾಪಾರಿ ಅಜ್ಜನ ಜೊತೆ ಮುಂಬಯಿಗೆ ಹೋಗಿ ಅಲ್ಲಿ ರೈಲು ಹತ್ತಿದವರು. ಆ ಹುಚ್ಚು ಎಪ್ಪತ್ತೈದಾದರೂ ಇಳಿದಿರಲಿಲ್ಲ. ಭಾರತದಲ್ಲಿ ಬಾಗಿಲು ಮುಚ್ಚಿದ ಯಾವುದೋ ಸಕ್ಕರೆ ಕಾರ್ಖಾನೆಯಿಂದ, ಕಬ್ಬಿನ ಗಾಡಿ ಎಳೆಯುತ್ತಿದ್ದ ಪುಟ್ಟ ಉಗಿ ಎಂಜಿನನ್ನು ಬಿಚ್ಚಿಸಿ ಹಡಗಿನಲ್ಲಿ ತರಿಸಿಕೊಂಡರು. ಅದಕ್ಕೆ 'ಸುಕ್ಕರ್' ಎಂದು ಹೆಸರಿಟ್ಟರು, ಅರಬ್ಬಿಯಲ್ಲಿ ಸಕ್ಕರೆ ಎಂದರ್ಥ. ಹಳೆಯ ಕುರಿದೊಡ್ಡಿಯನ್ನು ತೊಳೆದು ಸುಣ್ಣ ಬಳಿದು ಮ್ಯೂಸಿಯಂ ಮಾಡಿದರು. ಅದರಲ್ಲಿ ಗಾರ್ಡಿನ ಲಾಟೀನುಗಳು, ಟಿಕೇಟಿಗೆ ತಾರೀಕು ಒತ್ತುವ ಯಂತ್ರ, ಗಂಟೆಯ ಬದಲು ನೇತುಹಾಕಿದ ಹಳಿಯ ತುಂಡು. ನವೆಂಬರಿನಿಂದ ಮಾರ್ಚಿನವರೆಗೆ ಶುಕ್ರವಾರ ಬಂದವರಿಗೆಲ್ಲ ಪುಕ್ಕಟೆ ಸವಾರಿ. ಓಡಿಸುವವರ ದುಡಿಮೆಯೂ ಪುಕ್ಕಟೆಯೇ. ಸಂಬಳವೆಂದರೆ ಬೂ ರಾಶಿದರ ಮನೆಯ ಗಾವಾ ಕಾಫಿ, ಒಂದು ತಟ್ಟೆ ಖರ್ಜೂರ, ಮೈತುಂಬ ಮಸಿ.

ಹಾಗೆ ದುಡಿಯುವವರಲ್ಲಿ ಮೂವರು ನಮ್ಮ ಕರಾವಳಿಯವರು. ಡ್ರೈವರ್ ನಿಝಾಮುದ್ದೀನ್ ಉಳ್ಳಾಲದ ಬ್ಯಾರಿ, ವೆಲ್ಡಿಂಗ್ ಗ್ಯಾರೇಜು ಇಟ್ಟುಕೊಂಡವರು, ಬಾಯಿ ತೆರೆದರೆ ತಮಾಷೆ. ಸ್ಟೇಷನ್ ಮಾಸ್ಟರ್ ನೀರಜಾಕ್ಷಿ ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕೊಂದರಲ್ಲಿ ಕೆಲಸದವರು. ನಿಯಮ ಮೀರಿದವರನ್ನು ಹಿಡಿಯುವುದೇ ಅಲ್ಲಿ ಅವರ ಉದ್ಯೋಗ. ಅವರ ಅಪ್ಪ ಕಬಕ-ಪುತ್ತೂರಿನಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. ಅಪ್ಪನ ರೈಲ್ವೆ ನಿಯಮದ ಪುಸ್ತಕಕ್ಕೆ ಪ್ಲಾಸ್ಟಿಕ್ ಹೊದಿಸಿ ಬ್ಯಾಗಿನಲ್ಲಿಟ್ಟುಕೊಂಡೇ ತಿರುಗುವ ಹೆಂಗಸು. ತೋಟದ ಅಡ್ಡದಾರಿಯಲ್ಲಿ ಬೂ ರಾಶಿದರ ಆಡುಗಳು ಹಳಿ ದಾಟುತ್ತವೆಂದು ಅಲ್ಲಿಗೊಂದು ಎರಡು ದೀಪದ ಸಿಗ್ನಲ್ ಕಂಬ ಹಾಕಿಸಿದ್ದರು. ಉಗುಳಬಾರದು ಎಂಬ ಬೋರ್ಡನ್ನೂ ಹಾಕಿಸಿದ್ದರು, ಆಡುಗಳಿಗಲ್ಲ. ಮೂರನೆಯವರು ಎಂಜಿನಿನ ಬೆಂಕಿ, ಉಗಿ ನೋಡಿಕೊಳ್ಳುವ ನಮ್ಮ ಫಯರ್‌ಮನ್ ಕೊಸ್ಮಸ್.

ಕೊಸ್ಮಸರಿಲ್ಲದೆ ಸುಕ್ಕರ್ ಇಲ್ಲ. ಅವರು ಮೂವತ್ತನಾಲ್ಕು ವರ್ಷ ಮನಾಮಾದ ಒಂದು ಹೋಟೆಲಿನ ಲಾಂಡ್ರಿಗೆ ಉಗಿ ಕೊಡುವ ಬಾಯ್ಲರನ್ನು ಸಾಕಿದವರು. ಹೌದು, ಸಾಕಿದವರೇ. ಅದು ಕೆಮ್ಮಿದರೆ ಅವರಿಗೆ ರಜೆಯ ದಿನವೂ ಗೊತ್ತಾಗುತ್ತಿತ್ತು. ಸುಕ್ಕರ್ ಬಂದಿಳಿದಾಗ ಬರೀ ತುಕ್ಕಿನ ರಾಶಿ. ಇಲ್ಲಿ ಕಲ್ಲಿದ್ದಲು ಎಲ್ಲಿಂದ ತರುವುದು? ಕೊಸ್ಮಸ್ ಹೋಟೆಲಿನ ಗುಜರಿಯಲ್ಲಿ ಬಿದ್ದಿದ್ದ ಹಳೇ ಡೀಸೆಲ್ ಬರ್ನರನ್ನು ಕೇಳಿ ತಂದು ಸುಕ್ಕರಿನ ಹೊಟ್ಟೆಗೆ ಕೂರಿಸಿದರು. ತೋಟದ ಬಾವಿಯ ನೀರು ಉಪ್ಪು, ಅದು ಬಾಯ್ಲರಿಗೆ ವಿಷ. ಹೋಟೆಲಿನ ಉಪ್ಪು ತೆಗೆದ ನೀರನ್ನು ವಾರವಾರ ಕ್ಯಾನುಗಳಲ್ಲಿ ನಿಝಾಮುದ್ದೀನರ ಪಿಕಪ್ಪಿಗೆ ಹೇರಿಸಿ ತಂದರು. ಮೊದಲ ಸಲ ಉಗಿ ಏರಿ ಸುಕ್ಕರ್ ಕೂಗಿದಾಗ ಬೂ ರಾಶಿದ್ ತಲೆಗೆ ಹೊದೆದ ಗುತ್ರ ಬಟ್ಟೆ ಕಳಚಿ ಗಾಳಿಯಲ್ಲಿ ಬೀಸುತ್ತ ಹಳಿಗುಂಟ ಓಡಿದ್ದರು. ಕೊಸ್ಮಸ್ ಎಂಜಿನಿನ ಮೈಗೆ ಕೈಯಿಟ್ಟು, ಕೈ ಸುಟ್ಟುಕೊಂಡು, ಸುಟ್ಟದ್ದನ್ನೂ ಮರೆತು ನಕ್ಕಿದ್ದರು.

ಆದರೆ ಫಯರ್‌ಮನ್ ನಿಲ್ಲುವುದು ಎಡಕ್ಕೆ, ಡ್ರೈವರ್ ನಿಲ್ಲುವುದು ಬಲಕ್ಕೆ. ಕೊಸ್ಮಸರ ಜೀವ ಆ ಬಲಬದಿಯಲ್ಲಿತ್ತು.

ಅದು ಇಂದು ನಿನ್ನೆಯದಲ್ಲ. ಅವರು ಹುಟ್ಟಿದ್ದು ಮಂಗಳೂರಿನ ಜೆಪ್ಪುವಿನಲ್ಲಿ, ಮಹಾಕಾಳಿಪಡ್ಪು ರೈಲ್ವೆ ಗೇಟಿನ ಹತ್ತಿರ. ಗೇಟು ಬಿದ್ದರೆ ಬೇರೆಯವರು ಬೈಯುತ್ತಿದ್ದರು, ಕೊಸ್ಮಸರಿಗೆ ಹಬ್ಬ. ಕಲ್ಲಿದ್ದಲಿನ ಎಂಜಿನು ಉಸಿರುಬಿಡುತ್ತ ಹೋಗುವಾಗ ಡ್ರೈವರು ಕಿಟಕಿಯಿಂದ ಮೊಣಕೈ ಹೊರಗೆ ಚಾಚಿ ನಿಂತಿರುತ್ತಿದ್ದನಲ್ಲ, ಆ ಮೊಣಕೈಯ ಮೇಲೆ ಅವರಿಗೆ ಆಸೆ. ಇಪ್ಪತ್ತರಲ್ಲಿ ರೈಲ್ವೆಗೆ ಅರ್ಜಿ ಹಾಕಿದರು, ಬರೆಯುವ ಪರೀಕ್ಷೆ ಪಾಸಾದರು, ವೈದ್ಯಕೀಯ ಪರೀಕ್ಷೆಗೆ ಹೋದರು. ಡಾಕ್ಟರು ಬರೀ ಚುಕ್ಕಿಗಳಿದ್ದ ಒಂದು ಪುಸ್ತಕ ಬಿಡಿಸಿ "ಯಾವ ನಂಬರು ಕಾಣ್ತದೆ?" ಎಂದರು. ಕೊಸ್ಮಸರಿಗೆ ಚುಕ್ಕಿ ಕಂಡಿತು, ನಂಬರು ಕಾಣಲಿಲ್ಲ. ಮುಂದಿನ ಪುಟ, ಅದರ ಮುಂದಿನ ಪುಟ, ಎಲ್ಲ ಚುಕ್ಕಿಯೇ. ಕೆಂಪು ಯಾವುದು ಹಸಿರು ಯಾವುದು ಎಂದು ತನ್ನ ಕಣ್ಣಿಗೆ ಗೊತ್ತಾಗುವುದಿಲ್ಲ ಎಂಬುದು ಅವರಿಗೆ ತಿಳಿದದ್ದೇ ಆ ದಿನ.

ಮನೆಗೆ ಬಂದು ಅದನ್ನು ಹೇಳಲು ನಾಚಿಕೆಯಾಯಿತು. "ಎದೆ ಅರ್ಧ ಇಂಚು ಕಡಿಮೆ ಬಿತ್ತಂತೆ" ಎಂದುಬಿಟ್ಟರು. ಅಮ್ಮ ಎದೆ ಬೆಳೆಯಲೆಂದು ವರ್ಷವಿಡೀ ದಿನಕ್ಕೆ ಎರಡು ಮೊಟ್ಟೆ ತಿನ್ನಿಸಿದರು. ಎದೆ ಬೆಳೆಯಿತು, ಹೊಟ್ಟೆಯೂ ಬೆಳೆಯಿತು, ಕಣ್ಣು ಹಾಗೆಯೇ ಉಳಿಯಿತು. ಕೊಸ್ಮಸ್ ಹಂಚಿನ ಕಾರ್ಖಾನೆಯ ಬಾಯ್ಲರಿಗೆ ಸೇರಿದರು, ಅಲ್ಲಿಂದ ಬಹ್ರೈನಿಗೆ ಹಾರಿದರು. ಅರ್ಧ ಇಂಚಿನ ಸುಳ್ಳು ಅವರ ಜೊತೆಯೇ ಹಾರಿ ಬಂತು. ಅಂದಿನಿಂದ ಬಣ್ಣದ ಹೆಸರು ಹೇಳುವ ಸಂದರ್ಭ ಬಂದರೆ ಕೆಮ್ಮುವುದು, ಮಾತು ತಿರುಗಿಸುವುದು, ಅರ್ಜೆಂಟು ಕೆಲಸ ನೆನಪಾದಂತೆ ಎದ್ದು ಹೋಗುವುದು ಅಭ್ಯಾಸವಾಯಿತು.

ಒಂದೇ ಒಂದು ಸಲ ಧೈರ್ಯ ಮಾಡಿದ್ದುಂಟು. ಮಂಗಳೂರಿನ ಕ್ಯಾಥೊಲಿಕರಲ್ಲಿ ಗಂಡಿನ ಕಡೆಯವರು ಮದುಮಗಳಿಗೆ ಕೊಡುವ ಕೆಂಪು ಸೀರೆಗೆ ಸಾಡೊ ಎನ್ನುತ್ತಾರೆ. ತನ್ನ ಮದುವೆಯ ಸಾಡೊ ತಾನೇ ಕೊಳ್ಳಬೇಕೆಂದು ಕೊಸ್ಮಸರಿಗೆ ಹಟ. ಮನಾಮಾದ ಹಳೇ ಪೇಟೆ ಸೂಕಿಗೆ ಹೋಗಿ "ಲಾಲ್ ದಿಖಾವೋ" ಎಂದರು. ಅಂಗಡಿಯವನು ರಾಶಿ ಎಳೆದು ಹರಡಿದ. ಎಲ್ಲಕ್ಕಿಂತ ಅಗಲ ಜರಿಯಿದ್ದ ಸೀರೆಯ ಮೇಲೆ ಕೊಸ್ಮಸ್ ಬೆರಳಿಟ್ಟರು, ಬೆರಳಿಟ್ಟದ್ದನ್ನು ಅವನು ಕಟ್ಟಿಕೊಟ್ಟ. ಮದುವೆಯ ದಿನ ಪೆಟ್ಟಿಗೆ ತೆರೆದಾಗ ಹೆಂಗಸರೆಲ್ಲ ಮಾತಿಲ್ಲದೆ ನಿಂತರು. ಜರಿಯ ಹೊಳಪಿಗೆ ಬಾಯಿ ಕಟ್ಟಿತು ಎಂದು ಕೊಸ್ಮಸ್ ಹಿಗ್ಗಿದರು. "ಬಹ್ರೈನ್ ಫ್ಯಾಷನ್ ಇರಬೇಕು" ಎಂದು ಯಾವುದೋ ದೊಡ್ಡಮ್ಮ ಮೆಲ್ಲಗೆ ಅಂದರು. ಮದುಮಗಳು ಮಾರ್ಥಾ ಅದನ್ನುಟ್ಟು ಪಕ್ಕದಲ್ಲಿ ಕೂತಾಗ ಕೊಸ್ಮಸ್ ಆಕೆಯ ಕಿವಿಯ ಹತ್ತಿರ ಬಾಗಿ, "ಈ ಕೆಂಪು ನಿಂಗೆ ಬಾರೀ ಒಪ್ತದೆ" ಎಂದರು. ಮಾರ್ಥಾ ಗಂಡನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಹೌದಾ" ಎಂದು ನಕ್ಕರು. ಆಮೇಲೆ ಆ ಸೀರೆಯನ್ನು ಉಟ್ಟದ್ದು ಕಾಣೆ. "ಹಾಳಾಗ್ತದೆ, ಇರ್ಲಿ" ಎಂದು ಪೆಟ್ಟಿಗೆಯ ತಳದಲ್ಲಿ ಜೋಪಾನ ಮಾಡಿದ್ದರು.

ಹೀಗಿರುವಾಗ ಹೋಟೆಲಿನವರು ಲಾಂಡ್ರಿಯನ್ನು ಹೊರಗಿನವರಿಗೆ ವಹಿಸಿದರು. ಬಾಯ್ಲರು ಆರಿತು, ಕೊಸ್ಮಸರಿಗೆ ನಿವೃತ್ತಿಯ ಕಾಗದ ಬಂತು. ಮಾರ್ಥಾ ಸಲ್ಮಾನಿಯಾದ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ಅದಾಗಲೇ ನಿವೃತ್ತರಾಗಿದ್ದರು. ಫೆಬ್ರವರಿ ಕೊನೆಗೆ ವೀಸಾ ಖಲಾಸ್, ಊರಿಗೆ ಟಿಕೇಟು. ಕೊಸ್ಮಸರಿಗೆ ಅದರ ದುಃಖವೇನಿರಲಿಲ್ಲ, ಜೆಪ್ಪುವಿನ ಮೀನು ಮತ್ತು ಮಧ್ಯಾಹ್ನದ ನಿದ್ದೆ ಕಾಯುತ್ತಿದ್ದವು. ಒಂದೇ ಒಂದು ಆಸೆ ಉಳಿದಿತ್ತು. ಜನವರಿಯ ಮೊದಲ ಶುಕ್ರವಾರ ಗಾವಾ ಕುಡಿಯುವ ಹೊತ್ತಿಗೆ ಅದನ್ನು ಬಾಯಿಬಿಟ್ಟು ಹೇಳಿದರು.

"ಹೋಗುವ ಮೊದಲು ಒಂದು ರೌಂಡು ನಾನು ಬಿಡುವುದಾ ಅಂತ. ಜನ ಕೂತ ಗಾಡಿ. ಒಂದೇ ರೌಂಡು."

"ಇಷ್ಟು ದಿನ ಯಾಕೆ ಕೇಳ್ಲಿಲ್ಲ ಪೊರ್ಬುಗಳೇ?" ಎಂದರು ನಿಝಾಮುದ್ದೀನ್. ನಮ್ಮ ಕಡೆ ಕ್ಯಾಥೊಲಿಕರನ್ನು ಗೌರವದಿಂದ ಕರೆಯುವುದು ಹಾಗೆ. "ನನ್ನ ಸೊಂಟಕ್ಕೂ ರೆಸ್ಟ್ ಸಿಗ್ತಿತ್ತಲ್ಲ!"

ಬೂ ರಾಶಿದ್ ಎರಡೂ ಕೈ ಎತ್ತಿ ಒಪ್ಪಿಗೆ ಕೊಟ್ಟರು. ನೀರಜಾಕ್ಷಿ ಬ್ಯಾಗಿನಿಂದ ಪುಸ್ತಕ ತೆಗೆದರು.

"ಜನ ಕೂತ ಗಾಡಿ ಅಂದ್ಮೇಲೆ ಸಿಗ್ನಲ್ ಪರೀಕ್ಷೆ ಆಗ್ಬೇಕು ಕೊಸ್ಮಸಣ್ಣ. ನಿಝಾಮುದ್ದೀನರಿಗೂ ಮಾಡಿದ್ದೇನೆ. ಬರುವ ಶುಕ್ರವಾರ."

ಕೊಸ್ಮಸರ ಕೈಯಲ್ಲಿದ್ದ ಖರ್ಜೂರ ಕೈಯಲ್ಲೇ ಉಳಿಯಿತು. ಆದರೆ ಮನೆಗೆ ಹೋಗುವ ದಾರಿಯಲ್ಲಿ ರಸ್ತೆ ದಾಟಲು ನಿಂತಾಗ ಅವರಿಗೆ ನಗು ಬಂತು. ಮೂವತ್ತನಾಲ್ಕು ವರ್ಷದಿಂದ ಮನಾಮಾದ ರಸ್ತೆಗಳನ್ನು ದಾಟಿಲ್ಲವೇ? ಬಣ್ಣ ಯಾರಿಗೆ ಬೇಕು, ಮೇಲಿನ ದೀಪ ಉರಿದರೆ ಗಾಡಿ ನಿಲ್ಲುತ್ತದೆ, ಕೆಳಗಿನದು ಉರಿದರೆ ಹೋಗುತ್ತದೆ. ಅಷ್ಟೇ ತಾನೇ! ತೋಟದ ಸಿಗ್ನಲನ್ನು ಅವರು ಇಷ್ಟು ವರ್ಷ ಸರಿಯಾಗಿ ನೋಡಿದವರೇ ಅಲ್ಲ. ಫಯರ್‌ಮನ್ನಿನ ಕಣ್ಣು ಯಾವಾಗಲೂ ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಮೇಲೆ. ಸಿಗ್ನಲ್ ಎಂದರೆ ಸಿಗ್ನಲ್, ಇದರಲ್ಲೇನು ಮಹಾ ಎಂದುಕೊಂಡು ವಾರವಿಡೀ ಸಿಳ್ಳೆ ಹಾಕುತ್ತ ಕಳೆದರು.

ಶುಕ್ರವಾರ ಬಂತು. ಡಬ್ಬಿ ಕಟ್ಟದ ಬರೀ ಎಂಜಿನು. ಕೊಸ್ಮಸ್ ಬಲಕ್ಕೆ ನಿಂತು ಮೊಣಕೈ ಹೊರಗೆ ಚಾಚಿದರು, ನಿಝಾಮುದ್ದೀನ್ ಎಡಕ್ಕೆ. ಕಂಬದ ಬುಡದಲ್ಲಿ ನೀರಜಾಕ್ಷಿ ಸ್ವಿಚ್ಚು ಹಿಡಿದು ನಿಂತಿದ್ದರು. ಮೇಲಿನ ದೀಪ ಉರಿಯಿತು. ಕೊಸ್ಮಸ್ ಜಾಣತನದಿಂದ ಉಗಿ ಕಡಿಮೆ ಮಾಡಿ, ಬ್ರೇಕು ಒತ್ತಿ, ಹೂವಿನಂತೆ ಎಂಜಿನನ್ನು ಕಂಬದ ಈಚೆಗೇ ನಿಲ್ಲಿಸಿದರು. ನಿಲ್ಲಿಸಿ, ಚಪ್ಪಾಳೆಗೆ ಕಾದರು.

ಯಾರೂ ತಟ್ಟಲಿಲ್ಲ. "ಎಂತ ಪೊರ್ಬುಗಳೇ, ನನ್ನ ನಮಾಜಿಗೆ ನಿಲ್ಸಿದ್ದಾ? ಇನ್ನೂ ಟೈಮ್ ಉಂಟು" ಎಂದರು ನಿಝಾಮುದ್ದೀನ್.

ನೀರಜಾಕ್ಷಿ ಹುಬ್ಬು ಗಂಟಿಕ್ಕಿ ಸ್ವಿಚ್ಚು ಬದಲಿಸಿದರು. ಕೆಳಗಿನ ದೀಪ ಉರಿಯಿತು. ಕೊಸ್ಮಸ್ ಸೀಟಿ ಕೂಗಿಸಿ, ಹಿಡಿಕೆ ಎಳೆದು, ರಾಜಗಾಂಭೀರ್ಯದಿಂದ ಹೊರಟೇಬಿಟ್ಟರು. ಅಡ್ಡದಾರಿಯಲ್ಲಿದ್ದ ಆಡುಗಳು ಚೆಲ್ಲಾಪಿಲ್ಲಿಯಾಗಿ ಹಾರಿದವು. ನಿಝಾಮುದ್ದೀನ್ "ಯಾ ಅಲ್ಲಾ!" ಎಂದು ಬ್ರೇಕಿನ ಮೇಲೆ ಬಿದ್ದರು. ಆಡುಗಳಿಗೆ ಏನೂ ಆಗಲಿಲ್ಲ, ಒಂದು ಮುದಿ ಹೋತ ಮಾತ್ರ ಹಿಂತಿರುಗಿ ನಿಂತು ಕೊಸ್ಮಸರನ್ನೇ ದುರುಗುಟ್ಟಿ ನೋಡಿತು.

ನೀರಜಾಕ್ಷಿ ನಡೆದು ಬಂದರು. ಕೈಯಲ್ಲಿದ್ದ ಬಾವುಟ ಬಿಡಿಸಿ ಹಿಡಿದು, ಮೆಲ್ಲಗೆ, "ಕೊಸ್ಮಸಣ್ಣ, ಇದು ಯಾವ ಬಣ್ಣ?" ಎಂದರು.

ಕೊಸ್ಮಸ್ ಕೆಮ್ಮಿದರು. ಬಾವುಟ ನೋಡಿದರು, ಆಕಾಶ ನೋಡಿದರು. "ಬಟ್ಟೆ ಒಳ್ಳೆದುಂಟು ಮೇಡಂ" ಎಂದರು.

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ರಸ್ತೆಯ ಸಿಗ್ನಲಿನಲ್ಲಿ ಕೆಂಪು ಮೇಲಿರುತ್ತದೆ, ರೈಲಿನ ಸಿಗ್ನಲಿನಲ್ಲಿ ಕೆಂಪು ಕೆಳಗೆ, ಡ್ರೈವರನ ಕಣ್ಣಿಗೆ ಹತ್ತಿರವಾಗಲೆಂದು. ಇದನ್ನು ನೀರಜಾಕ್ಷಿಯೇ ವಿವರಿಸಿ ಹೇಳಬೇಕಾಯಿತು. "ನಂಗೆ ಸಹಿ ಹಾಕ್ಲಿಕ್ಕೆ ಆಗುದಿಲ್ಲ ಕೊಸ್ಮಸಣ್ಣ. ಡಬ್ಬಿಯಲ್ಲಿ ಮಕ್ಕಳು ಕೂತಿರ್ತಾರೆ." ಕೊಸ್ಮಸ್ ತಲೆಯಾಡಿಸಿದರು. ನೀರಜಾಕ್ಷಿ ಹೇಳಿದ್ದು ನ್ಯಾಯವೇ ಆಗಿತ್ತು. ಆ ದಿನ ಎಡಕ್ಕೆ ನಿಂತು ಐದು ಸವಾರಿಗೂ ಉಗಿ ಕೊಟ್ಟರು, ನೀರಿನ ಗಾಜಿನಿಂದ ಕಣ್ಣು ತೆಗೆಯಲಿಲ್ಲ.

ಮನೆಯಲ್ಲಿ ಮಾರ್ಥಾ ಚಾ ತಂದಿಟ್ಟರು. ಕೊಸ್ಮಸ್ ಲೋಟ ಮುಟ್ಟಲಿಲ್ಲ.

"ಮಾರ್ಥಾ, ರೈಲ್ವೆಯಲ್ಲಿ ನಂಗೆ ಕೆಲಸ ಸಿಗದೆ ಇದ್ದದ್ದು ಎದೆಯಿಂದ ಅಲ್ಲ. ಕಣ್ಣು. ಕೆಂಪು ಹಸಿರು ನಂಗೆ ಒಂದೇ."

"ಗೊತ್ತುಂಟು" ಎಂದರು ಮಾರ್ಥಾ. "ಚಾ ಆರ್ತದೆ, ಕುಡೀರಿ."

"ಗೊತ್ತುಂಟಾ? ಯಾವಾಗಿಂದ?"

"ತುಂಬ ಹಿಂದಿಂದ. ಹೇಗೆ ಅಂತ ಇನ್ನೊಂದು ದಿನ ಹೇಳ್ತೇನೆ."

ಕೊಸ್ಮಸ್ ಒಂದೊಂದನ್ನೇ ನೆನಪಿಸಿಕೊಂಡರು. ಪ್ರತಿದಿನ ಬೆಳಿಗ್ಗೆ ಮಂಚದ ಮೇಲೆ ಅಂಗಿ ಪ್ಯಾಂಟು ಜೋಡಿಯಾಗಿ ಕಾಯುತ್ತಿದ್ದವು. ಟೊಮೆಟೊ ತರಲು ಕಳಿಸುವಾಗ "ಒತ್ತಿ ನೋಡಿ ಮೆತ್ತಗೆ ಇದ್ದದ್ದು ತನ್ನಿ" ಎನ್ನುತ್ತಿದ್ದರೇ ಹೊರತು ಕೆಂಪಗಿರುವುದು ಎಂದು ಮಾರ್ಥಾ ಒಮ್ಮೆಯೂ ಹೇಳಿರಲಿಲ್ಲ. ಯಾರಾದರೂ ಬಣ್ಣದ ಮಾತೆತ್ತಿದರೆ ಕೊಸ್ಮಸರಿಗಿಂತ ಮೊದಲು ಮಾರ್ಥಾರಿಗೇ ಕೆಮ್ಮು ಬರುತ್ತಿತ್ತು. ಇಷ್ಟೆಲ್ಲ ಕಣ್ಣೆದುರೇ ಇತ್ತು, ಕೊಸ್ಮಸರಿಗೆ ಕಂಡಿರಲಿಲ್ಲ. ಅವರು ಚಾ ಕುಡಿದರು. ಎದೆಯ ಮೇಲಿಂದ ಒಂದು ಮೂಟೆ ಇಳಿದ ಹಾಗಾಯಿತು, ಆದರೂ ಬಲಬದಿ ಬಲಬದಿಯಲ್ಲೇ ಉಳಿಯಿತಲ್ಲ ಎಂಬ ಸಂಕಟ ಹೋಗಲಿಲ್ಲ.

ಮಂಗಳವಾರ ಸಂಜೆ ಬ್ಯಾಂಕು ಬಿಟ್ಟವರೇ ನೀರಜಾಕ್ಷಿ ಮನೆಗೆ ಬಂದರು. ನಾಲ್ಕು ದಿನದಿಂದ ಸರಿಯಾಗಿ ನಿದ್ದೆ ಮಾಡದವರ ಮುಖ. ಕೂರುವ ಮೊದಲೇ ಪುಸ್ತಕ ತೆಗೆದರು.

"ನಾನು ನಿಯಮ ಮುರಿಯುವವಳಲ್ಲ ಕೊಸ್ಮಸಣ್ಣ."

"ಗೊತ್ತುಂಟು ಮೇಡಂ. ಬಿಡಿ ಆ ವಿಷಯ. ಮಾರ್ಥಾ ನೆವ್ರಿ ಮಾಡಿದ್ದಾಳೆ, ತಿನ್ನಿ."

"ಮುರಿಯುವುದಿಲ್ಲ, ಆದ್ರೆ ಪುನಃ ಓದಿದೆ. ಡ್ರೈವರ್ ಸಿಗ್ನಲನ್ನು ತಪ್ಪದೆ ಓದ್ಬೇಕು ಅಂತ ನಮ್ಮ ಮ್ಯೂಸಿಯಂಗೆ ನಾನೇ ಬರೆದ ನಿಯಮ. ದೀಪದ್ದೇ ಸಿಗ್ನಲ್ ಆಗ್ಬೇಕು ಅಂತ ನಾನು ಎಲ್ಲಿಯೂ ಬರೀಲಿಲ್ಲ!" ನೀರಜಾಕ್ಷಿಯ ದನಿ ಏರಿತು. ಪುಸ್ತಕದ ಒಂದು ಹಳದಿ ಪುಟ ಬಿಡಿಸಿ ಚಿತ್ರದ ಮೇಲೆ ಬೆರಳು ಕುಟ್ಟಿದರು. "ನಮ್ಮ ಅಪ್ಪನ ಸ್ಟೇಷನ್‌ನಲ್ಲಿ ಇದ್ದದ್ದು ಇದು. ಕೈ ಸಿಗ್ನಲ್. ಕಂಬದಲ್ಲಿ ಒಂದು ಕೈ. ಕೈ ಅಡ್ಡ ಇದ್ರೆ ನಿಲ್ಲು, ಕೈ ಕೆಳಗೆ ಬಗ್ಗಿದ್ರೆ ಹೋಗು. ಹಗಲಿಗೆ ಬಣ್ಣ ನೋಡುದೇ ಬೇಡ. ನಮ್ಮ ಗಾಡಿ ಕತ್ತಲಾದ ಮೇಲೆ ಓಡುವುದುಂಟಾ? ಇಲ್ಲ. ದಿನಾ ಸಂಜೆ ಅಪ್ಪ ನನ್ನನ್ನು ಎತ್ತಿಕೊಂಡು ಆ ಕೈ ಬೀಳುದನ್ನು ತೋರಿಸ್ತಿದ್ರು. ಇದು ಮೊದಲೇ ನಂಗೆ ಹೊಳೀಬೇಕಿತ್ತು, ನನ್ನ ಮಂಡೆಗಿಷ್ಟು!"

ಕೊಸ್ಮಸ್ ಎದ್ದು ನಿಂತರು. ಕೂತರು. ಮತ್ತೆ ಎದ್ದರು. "ಕೈ ಅಡ್ಡ, ಕೈ ಕೆಳಗೆ" ಎಂದು ತಮ್ಮ ಕೈಯನ್ನೇ ಚಾಚಿ ಇಳಿಸಿ ನೋಡಿದರು. "ಇದಾದ್ರೆ ಕುರುಡನಿಗೂ ಗೊತ್ತಾಗ್ತದೆ ಮೇಡಂ!"

"ಕುರುಡರಿಗೆ ನಾನು ಪರ್ಮಿಶನ್ ಕೊಡುವುದಿಲ್ಲ" ಎಂದು ನೀರಜಾಕ್ಷಿ ನೆವ್ರಿ ಕಚ್ಚಿದರು.

"ಹೊರಡುವಾಗ ಗಾರ್ಡಿನ ಒಪ್ಪಿಗೆಯೂ ಬೇಕಲ್ವಾ?" ಕೊಸ್ಮಸರಿಗೆ ಮತ್ತೊಂದು ಭಯ. "ಅದು ಬಾವುಟ. ಪುನಃ ಬಣ್ಣ."

ಒಳಗಿನಿಂದ ಮಾರ್ಥಾ ಹೇಳಿದರು: "ಗಾರ್ಡ್ ನಾನಾಗ್ತೇನೆ." ಇಷ್ಟು ವರ್ಷ ಮಸಿಬಟ್ಟೆ ಒಗೆಯುವುದೇ ಸಾಕೆಂದು ತೋಟದ ಕಡೆ ತಲೆಹಾಕದ ಹೆಂಗಸು! "ಹೋಗು ಅಂತ ನಾನು ಬಾಯಲ್ಲೇ ಹೇಳ್ತೇನೆ. ನನ್ನ ಸ್ವರ ಅವರಿಗೆ ಕೇಳುದಿಲ್ವಾ ನೋಡುವಾ." ನೀರಜಾಕ್ಷಿ ಪುಸ್ತಕ ತಿರುವಿ, ಬಾಯಿಮಾತಿನ ಅಪ್ಪಣೆಗೂ ಒಂದು ದಾರಿಯಿದೆ ಎಂದು ಒಪ್ಪಿದರು.

ಕಂಬ ಇತ್ತು, ಕೈ ಬೇಕಿತ್ತು. ಕೊಸ್ಮಸ್ ಹೋಟೆಲಿಗೆ ಹೋಗಿ, ಹೊರಗೆಸೆಯಲು ಇಟ್ಟಿದ್ದ ಲಾಂಡ್ರಿಯ ಮರದ ಇಸ್ತ್ರಿ ಹಲಗೆಯೊಂದನ್ನು ಕೇಳಿ ತಂದರು. ಮೂವತ್ತನಾಲ್ಕು ವರ್ಷ ಅದರ ಮೇಲೆ ಹಾಯ್ದದ್ದು ಅವರದೇ ಬಾಯ್ಲರಿನ ಉಗಿ. ನಿಝಾಮುದ್ದೀನ್ ಅದಕ್ಕೆ ಕಬ್ಬಿಣದ ಪಟ್ಟಿ ಬೆಸೆದು, ತಿರುಗುವ ಕೀಲು ಕೂರಿಸಿ, ಎಳೆಯಲು ತಂತಿ ಕಟ್ಟಿದರು. ಬಣ್ಣದ ಡಬ್ಬ ತೆರೆದು, "ಯಾವ ಬಣ್ಣ ಬಳಿಯುವಾ ಪೊರ್ಬುಗಳೇ?" ಎಂದು ಕೇಳಿ, ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು.

"ನಿಮ್ಗೆ ಖುಷಿ ಬಂದದ್ದು ಬಳೀರಿ ಮಾರಾಯ್ರೆ. ನಂಗೆ ಎಲ್ಲ ಒಂದೇ!" ಎಂದು ಕೊಸ್ಮಸ್ ಗಟ್ಟಿಯಾಗಿ ನಕ್ಕರು. ನಲವತ್ತೊಂದು ವರ್ಷದಲ್ಲಿ ಆ ವಿಷಯಕ್ಕೆ ಅವರು ಮನಸಾರೆ ನಕ್ಕಿದ್ದು ಅದೇ ಮೊದಲು. ನಿಝಾಮುದ್ದೀನರೂ ನಕ್ಕರು, ಬೂ ರಾಶಿದ್ ಏನೂ ತಿಳಿಯದೆ ಎಲ್ಲರಿಗಿಂತ ಜೋರಾಗಿ ನಕ್ಕರು.

ಮತ್ತೆ ಪರೀಕ್ಷೆಯಾಯಿತು. ನೀರಜಾಕ್ಷಿ ಕೈಯನ್ನು ಎತ್ತಿದರು, ಇಳಿಸಿದರು, ಮೋಸ ಮಾಡಲು ಅರ್ಧ ಇಳಿಸಿ ನಿಲ್ಲಿಸಿದರು. ಅನುಮಾನವಿದ್ದರೆ ನಿಲ್ಲಿಸಬೇಕು ಎಂದು ಕೊಸ್ಮಸ್ ನಿಲ್ಲಿಸಿದರು. ಹತ್ತಕ್ಕೆ ಹತ್ತು. ನೀರಜಾಕ್ಷಿ ಸಹಿ ಹಾಕಿದರು, ಕೆಳಗೆ ಠಸ್ಸೆಯನ್ನೂ ಒತ್ತಿದರು. ಆ ಕಾಗದವನ್ನು ಕೊಸ್ಮಸ್ ಪಾಸ್‌ಪೋರ್ಟಿನ ಒಳಗಿಟ್ಟುಕೊಂಡರು.

ಫೆಬ್ರವರಿಯ ಕೊನೆಯ ಶುಕ್ರವಾರ ತೋಟ ತುಂಬಿತ್ತು. ಇಗರ್ಜಿಯ ಮೆಟ್ಟಿಲಿನ ಹೊಸಬರೂ ಬಂದಿದ್ದರು, ಪಾಪ ಎಂದವರೇ ಮುಂದಿನ ಸೀಟಿಗೆ ನೂಕಾಡುತ್ತಿದ್ದರು. ಮೂರು ಡಬ್ಬಿಯಲ್ಲಿ ಮಕ್ಕಳು, ಅಜ್ಜಿಯರು, ಲಾಂಡ್ರಿಯ ಹಳೇ ಜೊತೆಗಾರರು. ಬೂ ರಾಶಿದ್ ಮೊದಲ ಡಬ್ಬಿಯ ಮೊದಲ ಬೆಂಚಿನಲ್ಲಿ, ಎಂಟು ವರ್ಷದ ಹುಡುಗನ ಮುಖ ಮಾಡಿಕೊಂಡು ಕೂತಿದ್ದರು. ನಿಝಾಮುದ್ದೀನ್ ಎಡಕ್ಕೆ ಹತ್ತಿ, "ಇವತ್ತು ನಾನು ನಿಮ್ಮ ಖಲಾಸಿ. ಬೈಯುದಾದ್ರೆ ಮೆಲ್ಲಗೆ ಬೈಯಿರಿ, ಜನ ಇದ್ದಾರೆ" ಎಂದರು. ಕೊಸ್ಮಸ್ ಬಲಕ್ಕೆ ನಿಂತು ಮೊಣಕೈಯನ್ನು ಕಿಟಕಿಯಿಂದ ಹೊರಗೆ ಚಾಚಿದರು.

ನೀರಜಾಕ್ಷಿ ಹಳಿಯ ತುಂಡಿಗೆ ಢಣ್ ಢಣ್ ಎಂದು ಹೊಡೆದರು. ದೂರದ ಕಂಬದಲ್ಲಿ ಇಸ್ತ್ರಿ ಹಲಗೆ ಅಡ್ಡವಾಗಿತ್ತು. ತಂತಿ ಎಳೆದರು. ಕೈ ನಿಧಾನವಾಗಿ ಕೆಳಗೆ ಬಾಗಿತು. ಕೊಸ್ಮಸ್ ಅದನ್ನು ಕಣ್ಣು ಮಿಟುಕಿಸದೆ ನೋಡಿದರು. ಯಾವ ಸಂಶಯವೂ ಇರಲಿಲ್ಲ. ಇನ್ನು ಗಾರ್ಡಿನ ಅಪ್ಪಣೆಯೊಂದೇ ಬಾಕಿ ಎಂದು ತಿರುಗಿ ನೋಡಿದರು.

ಕೊನೆಯ ಡಬ್ಬಿಯ ಮೆಟ್ಟಿಲ ಮೇಲೆ ಮಾರ್ಥಾ ನಿಂತಿದ್ದರು. ಆ ಅಗಲ ಜರಿಯನ್ನು ಕೊಸ್ಮಸ್ ಎಲ್ಲಿದ್ದರೂ ಗುರುತು ಹಿಡಿಯುವವರು. ಮಾರ್ಥಾ ಸಾಡೊ ಉಟ್ಟಿದ್ದರು. ಸೆರಗನ್ನು ಬಲಗೈಯಲ್ಲಿ ಉದ್ದಕ್ಕೆ ಚಾಚಿ ಬೀಸುತ್ತಿದ್ದರು.

ಕೊಸ್ಮಸರ ಕೈ ಹಿಡಿಕೆಯ ಮೇಲೆಯೇ ನಿಂತಿತು. ತಲೆ ಹೊರಗೆ ಹಾಕಿ ಕೂಗಿದರು: "ಏ ಮಾರ್ಥಾ! ಎಂತ ಮಾಡ್ತಿದ್ದಿ? ಕೆಂಪು ಬೀಸಿದ್ರೆ ನಾನು ಗಾಡಿ ಬಿಡ್ಲಿಕ್ಕುಂಟಾ? ಕೆಂಪು ಅಂದ್ರೆ ನಿಲ್ಲು!"

ಪ್ಲಾಟ್‌ಫಾರ್ಮಿನಲ್ಲಿದ್ದವರು ಕೊಸ್ಮಸರನ್ನೂ ಸೀರೆಯನ್ನೂ ನೋಡಿದರು. ಇಗರ್ಜಿಯ ಹೆಂಗಸೊಬ್ಬರು ಏನೋ ಹೇಳಲು ಹೋದರು, ನೀರಜಾಕ್ಷಿ ಅವರ ತೋಳು ಹಿಡಿದು ಸುಮ್ಮನಿರಿಸಿದರು.

"ಇದು ಹಸಿರು!" ಮಾರ್ಥಾ ಅಲ್ಲಿಂದಲೇ ಕೂಗಿದರು.

"ಎಂತ?"

"ಹಸಿರು! ಮದುವೆ ದಿನದಿಂದಲೂ ಹಸಿರೇ! ಕೆಂಪು ಅಂತ ನೀವು ತಂದದ್ದು ಹಸಿರು ಸಾಡೊ! ನಂಗೆ ಗೊತ್ತಾದದ್ದು ಆವತ್ತೇ!"

ಕೊಸ್ಮಸರಿಗೆ ಮದುವೆಯ ಮನೆ ಕಣ್ಣ ಮುಂದೆ ಬಂತು. ಮಾತಿಲ್ಲದೆ ನಿಂತ ಹೆಂಗಸರು. ಬಹ್ರೈನ್ ಫ್ಯಾಷನ್ ಎಂದ ದೊಡ್ಡಮ್ಮ. ಈ ಕೆಂಪು ನಿಂಗೆ ಬಾರೀ ಒಪ್ತದೆ ಎಂದ ತಾನು. ಹೌದಾ ಎಂದು ನಕ್ಕ ಮಾರ್ಥಾ. ಊರಿಡೀ ಕಣ್ಣರಳಿಸಿ ನೋಡುತ್ತಿದ್ದಾಗ ಈ ಹೆಂಗಸು ಹಸಿರು ಸಾಡೊ ಉಟ್ಟು ಇಡೀ ದಿನ ತಲೆ ಎತ್ತಿ ಕೂತಿದ್ದಳು, ಮತ್ತೆ ಮೂವತ್ತಮೂರು ವರ್ಷ ಅದನ್ನು ಪೆಟ್ಟಿಗೆಯ ತಳದಲ್ಲಿ ಅಡಗಿಸಿಟ್ಟಿದ್ದಳು. ಸೀರೆ ಹಾಳಾಗಬಾರದೆಂದಲ್ಲ, ಯಾರಾದರೂ ಗಂಡನೆದುರು ಅದರ ಬಣ್ಣ ಹೇಳಿಬಿಡಬಾರದೆಂದು. ಈ ಹೆಂಗಸಿನ ಮೇಲೆ ಅವರಿಗೆ ಆ ಕ್ಷಣ ಉಕ್ಕಿದ ಪ್ರೀತಿಗೆ ಲೆಕ್ಕವಿರಲಿಲ್ಲ.

"ಪೊರ್ಬುಗಳೇ, ಉಗಿ ಹೆಚ್ಚಾಗ್ತಾ ಉಂಟು" ಎಂದು ನಿಝಾಮುದ್ದೀನ್ ಮೆಲ್ಲಗೆ ನೆನಪಿಸಿದರು. ಅವರ ಕಣ್ಣೂ ಒದ್ದೆಯಾಗಿತ್ತು, ಹೊಗೆ ಎಂದು ಒರೆಸಿಕೊಂಡರು.

ಮಾರ್ಥಾ ಸೆರಗನ್ನು ಇನ್ನಷ್ಟು ಎತ್ತರಕ್ಕೆ ಹಿಡಿದರು.

"ಎಂತ ನೋಡ್ತಾ ನಿಂತದ್ದು? ಹಸಿರು ಅಂತ ಹೇಳಿದೆನಲ್ಲ. ಹೊರಡಿ!"

ಕೊಸ್ಮಸ್ ಸೀಟಿಯ ಹಗ್ಗ ಜಗ್ಗಿದರು. ಆಡುಗಳು ತಲೆ ಎತ್ತಿದವು, ಮಕ್ಕಳು ಹೋ ಎಂದು ಕೂಗಿದರು. ಸುಕ್ಕರ್ ಒಂದು ಉಸಿರು ಬಿಟ್ಟು, ಇನ್ನೊಂದು ಬಿಟ್ಟು, ಖರ್ಜೂರದ ಮರಗಳ ನಡುವೆ ಹೊರಟಿತು. ಕೊಸ್ಮಸ್ ಮೊಣಕೈ ಹೊರಗಿಟ್ಟು ನಿಂತು, ತಿರುವು ಬರುವವರೆಗೂ ಹಿಂದಿನ ಡಬ್ಬಿಯ ಹಸಿರು ಸೀರೆಯನ್ನು ನೋಡಿದರು.